ಗಂಟೆಗೆಷ್ಟು ಬಿತ್ತು

ಮಲ್ಪೆ ಬಂದರಿನಲ್ಲಿ ಬೆಳಗ್ಗೆ ನಾಲ್ಕೂವರೆಗೆ
ಏಲಂ ಪುಸ್ತಕ ಬರೆಯುವವನು ನಾನು.
ಎರಡು ಸಾವಿರಕ್ಕೆ ಕೂಗಿದ ಬಂಗುಡೆ ಬುಟ್ಟಿ
ಇನ್ನೊಂದು ಬೋಟು ಅಳಿವೆಯಲ್ಲಿ ಮೂತಿ ತೋರಿಸಿದರೆ ಸಾಕು,
ಹನ್ನೆರಡು ನೂರಕ್ಕೆ ಮುಗಿಯುತ್ತದೆ.
ಬೆಲೆ ಎಂಬುದು ಕಣ್ಣೆದುರೇ ಹುಟ್ಟಿ
ಬಿಸಿಲೇರುವ ಮೊದಲು ಸಾಯುವುದನ್ನು
ಹತ್ತೊಂಬತ್ತು ವರ್ಷದಿಂದ ನೀಲಿ ಇಂಕಿನಲ್ಲಿ ಬರೆದಿಟ್ಟಿದ್ದೇನೆ.

ಅಂಥವನು ಮಾರ್ಚ್ ತಿಂಗಳ ಒಂದು ರಾತ್ರಿ,
ಮನೆಯವರೆಲ್ಲ ಮಲಗಿದ ಮೇಲೆ,
ಐದು ಸಾವಿರಕ್ಕೆ ಒಂದೇ ರೂಪಾಯಿ ಕಡಿಮೆ ಕೊಟ್ಟು
ಒಂದು ಹಡಗಿನ ಆಟ ಕೊಂಡೆ.
ಚೌಕಾಸಿ ಮಾಡಲು ಎದುರಿಗೆ ಮುಖವಿರಲಿಲ್ಲ.
ಒಂದು ಗುಂಡಿ ಇತ್ತು. ಒತ್ತಿದೆ.

ವಾರಿಜಕ್ಕನಿಗೆ ಹೇಳಬಾರದಿತ್ತು.
ಬುಟ್ಟಿಯ ಐಸ್ ಕೊಡವುತ್ತ "ಏತಾಂಡ್?" ಎಂದರು.
ಹೇಳಿದೆ.
"ಎಷ್ಟು ಹೊತ್ತು ಆಡಬಹುದು?"
ನೂರಿಪ್ಪತ್ತು ಗಂಟೆ ಅಂತ ಬರೆದಿದ್ದಾರೆ.
ಕೈಬೆರಳ ಗೆಣ್ಣಿನಲ್ಲೇ ಭಾಗಿಸಿದರು:
"ಗಂಟೆಗೆ ನಲವತ್ತೆರಡು. ಅಡ್ಡಿಲ್ಲ,
ಉಡುಪಿಯ ಥೇಟರಿಗಿಂತ ಸಸ್ತಾ.
ನೀನು ಎಷ್ಟು ಆಡಿದೆ?"
ಹನ್ನೊಂದು.
ಮತ್ತೆ ಗೆಣ್ಣು ಎಣಿಸಿದರು. ಈ ಸಲ ಬಾಯಿಬಿಟ್ಟು ಏನೂ ಹೇಳಲಿಲ್ಲ,
ಅಂಜಲಿನ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದರು.

ಏನು ಮಾಡಲಿ,
ಸೀಸನ್ನಿನಲ್ಲಿ ಕೈಯಲ್ಲಿ ಕಾಸು, ಕಣ್ಣಲ್ಲಿ ನಿದ್ದೆ.
ಜೂನ್ ಒಂದರಿಂದ ಬೋಟು ಬಂದ್,
ಅರವತ್ತೊಂದು ದಿನ ಹೊತ್ತೇ ಹೊತ್ತು,
ಕಾಸಿಲ್ಲ.
ಆಟಕ್ಕೆ ಎರಡೂ ಬೇಕು.

ಇನ್ನೊಂದು ವಿಷಯ ಅವರಿಗೆ ಹೇಳಿಲ್ಲ.
ಆಟದ ದಕ್ಷಿಣದ ದ್ವೀಪಕ್ಕೆ ಬೇರೆ ದುಡ್ಡು,
ಕೆಂಪು ಹಾಯಿಗೆ ಬೇರೆ.
ಮೀನು ತೂಗಿ ಕೊಟ್ಟು
ತಲೆಗೂ ಬಾಲಕ್ಕೂ ಮತ್ತೆ ಕೈ ಚಾಚಿದ್ದರೆ
ಈ ಧಕ್ಕೆಯಲ್ಲಿ ವಾರಿಜಕ್ಕನನ್ನು ಯಾರು ಉಳಿಸುತ್ತಿದ್ದರು?

ಹಳೆಯದೊಂದು ಆಟವಿತ್ತು, ಮದುವೆಗೆ ಮೊದಲು ಕೊಂಡದ್ದು.
ದೂರದ ಯಾವುದೋ ಊರಲ್ಲಿ ಅದರ ಯಂತ್ರ ಆರಿಸಿದರಂತೆ,
ಇಲ್ಲಿ ಬಾಗಿಲು ತೆರೆಯುವುದಿಲ್ಲ.
ಅದನ್ನು ಮಾತ್ರ ಹೇಳಿದೆ. ನಕ್ಕರು.
"ತಿಂದ ಮೀನು ಉಳಿಯುತ್ತದಾ ಮಾರಾಯ?"
ಅಕ್ಕಾ, ಅರ್ಧ ಬಟ್ಟಲಲ್ಲೇ ಇತ್ತು.

ಜೂನ್ ಬಂತು. ಬೋಟುಗಳು ಸಾಲಾಗಿ ಕಟ್ಟಿ ನಿಂತವು.
ಅದೇ ಆಟ ಈಗ ಸಾವಿರದ ಇನ್ನೂರು!
ಹೊಟ್ಟೆ ಚುರ್ರೆಂದಿತು; ಬುಟ್ಟಿಯ ಲೆಕ್ಕ ಬರೆದು ಬರೆದು
ಬುದ್ಧಿ ಬಂದಿರಬೇಕಿತ್ತು ನನಗೆ.
"ಮೊದಲ ಬುಟ್ಟಿ ಹಿಡಿದವ ಯಾವತ್ತೂ ಪೆದ್ದನೇ,"
ವಾರಿಜಕ್ಕ ಒಣಮೀನು ಮಗುಚುತ್ತ ಅಂದರು,
"ಅವ ಇಲ್ಲದಿದ್ದರೆ ಏಲಂ ಏಳುವುದಿಲ್ಲ."

ಸಮಾಧಾನಕ್ಕೆ ಹೇಳಿದ್ದೋ ಏನೋ.
ರಾತ್ರಿ ಕೂತು ಆಡಿದೆ, ಹಂಚಿನ ಮೇಲೆ ಮಳೆ.
ನಲವತ್ತನೆಯ ಗಂಟೆಯಲ್ಲಿ ತೂಫಾನು ಬರುವ ಮುಂಚೆ
ಆಟದ ಕಡಲು ಒಮ್ಮೆ ಸುಮ್ಮನಾಯಿತು.
ಮೇಲೆ ಎಣ್ಣೆ ಸುರಿದಂಥ ಹೊಳಪು,
ಕೆಳಗೆ ಸೀಸದ ಬಣ್ಣ.
ಸರಿಯಾಗಿತ್ತು.
ಅಪ್ಪ ಬಲೆ ಎಳೆದುಕೊಂಡು ತಿರುಗಿ ಬರುತ್ತಿದ್ದುದು
ನೀರು ಹೀಗಾದಾಗಲೇ.
ಸ್ಟಿಕ್ ಕೆಳಗಿಟ್ಟು ಹಾಗೇ ನೋಡಿದೆ,
ಹಡಗು ಮುಳುಗಿತು.

ಕೊನೆಗೆ ಹೆಸರುಗಳು ಬಂದವು, ಇಪ್ಪತ್ತು ನಿಮಿಷ.
'ನೀರು' ಎಂಬ ಸಾಲಿನ ಕೆಳಗೆ ಒಂಬತ್ತು ಜನ,
ನನಗೆ ಉಚ್ಚರಿಸಲು ಬಾರದವು.
ಆಟ ಬಂದ ತಿಂಗಳಲ್ಲೇ ಅವರಲ್ಲಿ ಅರ್ಧ ಜನರನ್ನು
ಕೆಲಸದಿಂದ ತೆಗೆದರೆಂದು ಎಲ್ಲೋ ಓದಿದ್ದೆ.
ನಮ್ಮ ಬೋಟಿನಲ್ಲಿ ಡೀಸೆಲು, ಐಸು ಕಳೆದು
ಉಳಿದದ್ದರಲ್ಲಿ ಅಡುಗೆ ಮಾಡುವ ಹುಡುಗನಿಗೂ ಪಾಲುಂಟು,
ನಾನೇ ಬರೆಯುತ್ತೇನೆ.

ದುಬಾರಿಯೋ ಸಸ್ತಾವೋ, ವಾರಿಜಕ್ಕ ಕೇಳಿದರೆ ಏನೆನ್ನಲಿ?
ಆ ನೀರಿಗಾದರೆ ಐದು ಸಾವಿರ ಕೊಟ್ಟೇನು.
ನೀರು ಮಾಡಿದವರಿಗೆ ಎಷ್ಟು ಬಿತ್ತೆಂದು
ನೋಡಲು ನನ್ನ ಹತ್ತಿರ ಪುಸ್ತಕವಿಲ್ಲ.